ಬಜರ್ ತಟ್ಟೆ ಅಂಟಿಸಿದರೆ ಗಿಟಾರ್ 'ಎಲೆಕ್ಟ್ರಿಕ್' ಆಗುತ್ತದೆಯೇ?

ಹತ್ತಿಪ್ಪತ್ತು ರೂಪಾಯಿಯ ಬಜರ್ ತಟ್ಟೆಗೆ ವೈರ್ ಬೆಸೆದು ಗಿಟಾರಿಗೋ ತಂಬೂರಿಗೋ ಅಂಟಿಸಿ, ಆಂಪ್ಲಿಫೈಯರಿಗೆ ಚುಚ್ಚಿದರೆ ಸಾಕು, ಸಾವಿರಾರು ರೂಪಾಯಿ ಉಳಿಯುತ್ತದೆ ಎನ್ನುವ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆ ಗಣೇಶ ಮಂಟಪದಲ್ಲಿ ನುಡಿಸುವವರು, ಅಥಣಿ, ಕಾಗವಾಡದ ಭಜನೆಯವರು ಇದನ್ನು ಮಾಡಿ ನೋಡುವ ಮುನ್ನ ಇಷ್ಟು ಓದಿಕೊಳ್ಳಿ. ವಿಡಿಯೊ ಹೇಳುವುದು ಅರ್ಧ ಸತ್ಯ.

ಆ ತಟ್ಟೆ ಪೀಜೊ ಜಾತಿಯದು. ನಡುಗಿಸಿದರೆ ವಿದ್ಯುತ್ ಹುಟ್ಟಿಸುತ್ತದೆ, ಆದ್ದರಿಂದ ದನಿ ಬರುವುದು ನಿಜ. ಆದರೆ ಮಂದ್ರ ಸ್ವರಗಳು ಮಾಯವಾಗಿ ತಗಡು ಬಡಿದಂತೆ ಕೇಳಿಸುತ್ತದೆ. ಕಾರಣ ತಟ್ಟೆಯಲ್ಲ, ನೀವು ಚುಚ್ಚಿದ ತೂತು. 20 ನ್ಯಾನೊಫ್ಯಾರಡ್‌ನ ತಟ್ಟೆಯನ್ನು 10 ಸಾವಿರ ಓಮ್ ಇನ್‌ಪುಟ್ಟಿಗೆ ಕೊಟ್ಟರೆ ಸುಮಾರು 800 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಕುಗ್ಗುತ್ತಾ ಹೋಗುತ್ತದೆ. ಗಿಟಾರಿನ ದಪ್ಪ ತಂತಿಯ ಸ್ವರ 82 ಹರ್ಟ್ಸ್! 10 ಲಕ್ಷ ಓಮ್ ಇನ್‌ಪುಟ್ ಇದ್ದರೆ ಆ ಮಿತಿ 8 ಹರ್ಟ್ಸ್‌ಗೆ ಇಳಿಯುತ್ತದೆ. ಹಾಗಾಗಿ ನಡುವೆ ಪ್ರೀಆಂಪ್ ಅಥವಾ ಡಿಐ ಬಾಕ್ಸ್ ಬೇಕು. ವಿಡಿಯೊದಲ್ಲಿ ಹೇಳದೆ ಬಿಡುವ ಖರ್ಚು ಇದೇ.

ದುಬಾರಿ ವಾದ್ಯವಾದರೆ ಸಿಳ್ಳೆ ಬರುವುದಿಲ್ಲವೇ?

ಇನ್ನೂ ಬೇಗ ಬರುತ್ತದೆ. ಆರ್ಚ್‌ಟಾಪ್ ಗಿಟಾರನ್ನೇ ನೋಡಿ. ಪಿಟೀಲಿನಂತೆ ಉಬ್ಬಿದ ಮೇಲ್ಹಲಗೆ, 'ಎಫ್' ಆಕಾರದ ಎರಡು ಸೀಳು, ಒಳಗೆ ಟೊಳ್ಳು. ಕರೆಂಟಿಲ್ಲದೆಯೇ ಬ್ಯಾಂಡಿನ ನಡುವೆ ಕೇಳಿಸಲೆಂದು ಮಾಡಿದ ವಾದ್ಯ ಇದು. 1936ರಲ್ಲಿ ಗಿಬ್ಸನ್ ಕಂಪನಿ ಅದಕ್ಕೆ ಪಿಕಪ್ ಕೂರಿಸಿ ಇಎಸ್-150 ತಂದಿತು. ವಿಶ್ವಮೋಹನ ಭಟ್ಟರ ಮೋಹನವೀಣೆಯೂ ಆರ್ಚ್‌ಟಾಪನ್ನೇ ಮಾರ್ಪಡಿಸಿದ್ದು. ಸಣ್ಣ ನಡುಕಕ್ಕೂ ಮಿಡಿಯುವ ಹಲಗೆ ತಂತಿಗಷ್ಟೇ ಅಲ್ಲ, ಸ್ಪೀಕರಿನ ದನಿಗೂ ಮಿಡಿಯುತ್ತದೆ. ಅದನ್ನು ಪಿಕಪ್ ಹಿಡಿದು ಮತ್ತೆ ಸ್ಪೀಕರಿಗೆ ಕಳಿಸುತ್ತದೆ. ಸುತ್ತು ಮುಗಿಯುವುದೇ ಇಲ್ಲ. 'ಮೈಕ್ ಕೆಟ್ಟಿದೆ' ಎಂದು ಬೈಯುವುದು ಸುಮ್ಮನೆ. ಸ್ಪೀಕರನ್ನು ನುಡಿಸುವವರಿಗಿಂತ ಮುಂದಿಟ್ಟು ಜನರ ಕಡೆ ತಿರುಗಿಸಿ, ಗುಂಯ್‌ಗುಡುವ ಸ್ವರವನ್ನಷ್ಟೇ ಈಕ್ವಲೈಜರಿನಲ್ಲಿ ತಗ್ಗಿಸಿ. ಸೀಳುಗಳಿಗೆ ಸ್ಪಂಜು ತುರುಕುವುದು ಒರಟು ಉಪಾಯ, ಆದರೆ ಸ್ವಲ್ಪ ಕೆಲಸ ಮಾಡುತ್ತದೆ.

ಮ್ಯಾಗ್ನೆಟಿಕ್ ಪಿಕಪ್ ಕೊಳ್ಳುವುದಾದರೆ ಮೊದಲು ತಂತಿ ನೋಡಿ. ಅದು ಹಿಡಿಯುವುದು ಉಕ್ಕಿನಂಥ, ಅಯಸ್ಕಾಂತಕ್ಕೆ ಅಂಟುವ ಲೋಹವನ್ನು ಮಾತ್ರ. ಕಂಚಿನ ಸುತ್ತಿನ ಗಿಟಾರ್ ತಂತಿ ಕ್ಷೀಣವಾಗಿ ಕೇಳಿಸುತ್ತದೆ, ನಿಕ್ಕಲ್ ಸುತ್ತಿನದು ಬೇಕು. ತಂಬೂರಿಯ ಖರ್ಜದ ಹಿತ್ತಾಳೆ ತಂತಿಯಂತೂ ಅದಕ್ಕೆ ಕೇಳಿಸುವುದೇ ಇಲ್ಲ. ಕಾಗವಾಡದ ಪಕ್ಕದ ಮಿರಜಿನಲ್ಲಿ ತಯಾರಾಗುವ ತಂಬೂರಿ ಮತ್ತು ಸಿತಾರಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅಂಥ ವಾದ್ಯಕ್ಕೆ ಫೆವಿಕ್ವಿಕ್ ಹಚ್ಚಿ ತಟ್ಟೆ ಅಂಟಿಸುವವರನ್ನು ಕಂಡರೆ ನಮಗೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ಮುಂದೊಂದು ಮೈಕ್ ಇಟ್ಟರೆ ಸಾಕು. ಮೈಕಿನ ದೂರ ಅರ್ಧಕ್ಕಿಳಿಸಿದರೆ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಬಿಟ್ಟಿಯಾಗಿ.

'ಹಮ್ ಬಂದರೆ ಮೂರನೇ ಪಿನ್ ತೆಗೆಯಿರಿ' ಎಂಬ ಸಲಹೆ?

ಅಪಾಯಕಾರಿ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಮ್ಯಾಗ್ನೆಟಿಕ್ ಪಿಕಪ್ಪಿನ ಗಿಟಾರಿನಲ್ಲಿ ಸಾಮಾನ್ಯವಾಗಿ ತಂತಿಗಳು ವೈರಿನ ಮೂಲಕ ಆಂಪ್ಲಿಫೈಯರಿನ ಅರ್ಥಿಂಗಿಗೆ ಸೇರಿರುತ್ತವೆ. ಆ ಪಿನ್ ಇಲ್ಲದ ಆಂಪ್ಲಿಫೈಯರಿನಲ್ಲಿ ಕರೆಂಟ್ ಸೋರಿದರೆ ತಂತಿಗೂ ಬರುತ್ತದೆ. ನುಡಿಸುವವರು ತಂತಿ ಹಿಡಿದು ಮೈಕಿಗೆ ಕೈಯೋ ತುಟಿಯೋ ತಾಗಿಸಿದಾಗ ಅದು ಅವರ ಮೈಯೊಳಗಿಂದಲೇ ಹರಿಯುತ್ತದೆ. ಸ್ಕಾಟ್ಲೆಂಡಿನ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ವೇದಿಕೆಯ ಮೇಲೆಯೇ ಮೈಕ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡರು. ನಮ್ಮಲ್ಲಿ ಹಬ್ಬದ ಮಂಟಪದ ನೆಲ ಮಳೆಗೆ ಒದ್ದೆಯಾಗಿರುವುದೂ ಉಂಟು. ಆಂಪ್ಲಿಫೈಯರ್, ಮಿಕ್ಸರ್ ಎರಡನ್ನೂ ಒಂದೇ ಅರ್ಥಿಂಗಿನ ಬೋರ್ಡಿಗೆ ಕೊಡಿ, ಲೈನಿಗೆ ಆರ್‌ಸಿಸಿಬಿ ಹಾಕಿಸಿ. ಮೈಕಿಗೆ ಮೂಗು ತಾಗಿದಾಗ ಜುಮ್ ಎಂದರೆ ಹಾಡು ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.