ರಾಯಚೂರಿನ ಹಾಜಿಗಳಿಗೆ ಮಕ್ಕಾದಲ್ಲೊಂದು ಮನೆ: ರುಬಾತ್‌ಗಳ ಇತಿಹಾಸ

ದಾರಿಹೋಕನು ರಾತ್ರಿ ಎಲ್ಲಿ ತಂಗಬೇಕು? ಇಂದು ಹಣವುಳ್ಳವನು ಈ ಪ್ರಶ್ನೆಗೆ ಮೊಬೈಲಿನಲ್ಲಿಯೇ ಉತ್ತರ ಕಂಡುಕೊಳ್ಳುತ್ತಾನೆ. ಆದರೆ ಇಸ್ಲಾಮ್ ಇದನ್ನು ಪ್ರಯಾಣಿಕನೊಬ್ಬನ ಪ್ರಶ್ನೆಯೆಂದು ಬಗೆಯಲಿಲ್ಲ. ಇಡೀ ಸಮುದಾಯದ ಹೊಣೆಯೆಂದು ಸಾರಿತು. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಪವಿತ್ರ ಕುರ್‌ಆನ್ ಅತ್ತೌಬಾ ಅಧ್ಯಾಯದಲ್ಲಿ ಹೆಸರಿಸುವಾಗ 'ಇಬ್ನುಸ್ಸಬೀಲ್' ಅಂದರೆ ದಾರಿಯ ಮಗನನ್ನೂ ಸೇರಿಸಿದೆ. ತನ್ನೂರಿನಲ್ಲಿ ಸಿರಿವಂತನಾದವನೂ ಪರಊರಿನಲ್ಲಿ ನಿರ್ಗತಿಕನಾಗಬಲ್ಲನು. ಮರಣಾನಂತರವೂ ಪುಣ್ಯ ತಲುಪುತ್ತಿರುವ ಸತ್ಕರ್ಮಗಳಲ್ಲಿ ದಾರಿಹೋಕರಿಗಾಗಿ ಕಟ್ಟಿಸಿದ ಮನೆಯೂ ಒಂದೆಂದು ಪ್ರವಾದಿ(ಸ)ರ ವಚನವು ಇಬ್ನು ಮಾಜಾದ ಸಂಗ್ರಹದಲ್ಲಿದೆ.

ಈ ಬೋಧನೆಯ ಫಲವನ್ನು ನಮ್ಮ ನಾಡಿನಲ್ಲಿಯೂ ಕಾಣಬಹುದು. 14ನೇ ಶತಮಾನದಲ್ಲಿ ಕರಾವಳಿಯಲ್ಲಿ ಸಂಚರಿಸಿದ ಮೊರಾಕ್ಕೊದ ಇಬ್ನು ಬತೂತಾ, ಹೊನ್ನಾವರದಲ್ಲಿ ಶೇಖ್ ಮುಹಮ್ಮದ್ ಎಂಬ ಧರ್ಮಜ್ಞಾನಿಯ ಝಾವಿಯಾದಲ್ಲಿ ಅತಿಥಿಯಾಗಿದ್ದರು. ಆ ಶೇಖರು ಅತಿಥಿಗಳಿಗೆ ತಾವೇ ಅಡುಗೆ ಮಾಡುತ್ತಿದ್ದರು. ಗೋವೆಯಿಂದ ಕೊಲ್ಲಂವರೆಗಿನ ಹಾದಿಯಲ್ಲಿ ಅರ್ಧ ಮೈಲಿಗೊಂದರಂತೆ ಮರದ ತಂಗುಮನೆ ಇದ್ದುದನ್ನೂ, ಅಲ್ಲಿ ಕೂರಲು ಜಗಲಿ, ಕುಡಿಯಲು ಬಾವಿ, ನೀರು ಕೊಡಲು ಮುಸ್ಲಿಮೇತರ ಕಾವಲುಗಾರನೊಬ್ಬ ಇದ್ದುದನ್ನೂ ಅವರು ದಾಖಲಿಸಿದ್ದಾರೆ. ದಾರಿಹೋಕನ ಸೇವೆಯಲ್ಲಿ ಈ ನಾಡಿನ ಎಲ್ಲ ಮತಸ್ಥರೂ ಪಾಲುಗೊಂಡಿದ್ದರೆಂಬುದಕ್ಕೆ ಇದು ಸಾಕ್ಷಿ.

ಒಳನಾಡಿನಲ್ಲಿ ಸರಾಯಿಗಳೂ, ಖಾನ್‌ಖಾಗಳೂ, ಮುಸಾಫಿರ್‌ಖಾನೆಗಳೂ ಈ ಕೆಲಸ ಮಾಡಿದವು. ಬಿಜಾಪುರದಲ್ಲಿ ಮುಸ್ತಫಾ ಖಾನ್ 1640ರ ಸುಮಾರಿಗೆ ಕಟ್ಟಿಸಿದ ವಿಶಾಲವಾದ ಸರಾಯಿಯು ಬ್ರಿಟಿಷರ ಕಾಲದಲ್ಲಿ ಸೆರೆಮನೆಯಾಯಿತು. ಕಲ್ಲಿನ ಗೋಡೆಗಳು ಅವೇ. ಆದರೆ ಬಂದು ಹೋಗುವವರಿಗಾಗಿ ತೆರೆದಿದ್ದ ಬಾಗಿಲು ಒಳಗಿದ್ದವರ ಮೇಲೆ ಮುಚ್ಚಿತು. ಕಟ್ಟಡ ಉಳಿದ ಮಾತ್ರಕ್ಕೆ ಅದರ ಉದ್ದೇಶ ಉಳಿಯುವುದಿಲ್ಲ.

ಉದ್ದೇಶವನ್ನು ಉಳಿಸಿಕೊಂಡ ತಂಗುದಾಣವೊಂದು ರಾಯಚೂರಿನವರಿಗೆ ದೂರದ ಮಕ್ಕಾದಲ್ಲಿದೆ. ಅದುವೇ ಹೈದರಾಬಾದ್ ರುಬಾತ್. 'ರಿಬಾತ್' ಎಂಬ ಅರಬಿ ಪದದ ಮೂಲಾರ್ಥ ಕಟ್ಟುವುದು. ಮೊದಲು ಗಡಿಯಲ್ಲಿ ಕುದುರೆ ಕಟ್ಟಿ ಕಾವಲು ಕಾಯುವ ಠಾಣೆಗೆ ಈ ಹೆಸರಿತ್ತು. ಕಾಲಾಂತರದಲ್ಲಿ ಸಾಧಕರು ಮತ್ತು ಯಾತ್ರಿಕರು ತಂಗುವ ವಕ್ಫ್ ಮನೆಗಳಿಗೆ ಅದು ಸಂದಿತು. ಹಜ್ ಯಾತ್ರೆಯು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ಕೈಯಲ್ಲಿದ್ದ ಹಣ ಬಾಡಿಗೆಗೇ ಕರಗಿಹೋಗುತ್ತಿತ್ತು. ಆದ್ದರಿಂದ ಭಾರತದ ಅನೇಕ ಸಂಸ್ಥಾನಗಳು ತಮ್ಮ ಪ್ರಜೆಗಳಿಗಾಗಿ ಅಲ್ಲಿ ಮನೆಗಳನ್ನು ವಕ್ಫ್ ಮಾಡಿದವು. ಭೋಪಾಲ್, ಆರ್ಕಾಟ್‌ಗಳ ರುಬಾತ್‌ಗಳು ಪ್ರಸಿದ್ಧವಾಗಿವೆ.

ಹೈದರಾಬಾದಿನ ರುಬಾತ್‌ಗಳ ಪರಂಪರೆಯು ಐದನೆಯ ನಿಜಾಮ ಅಫ್ಝಲುದ್ದೌಲಾರ (1857–1869) ಕಾಲಕ್ಕೆ ಸಲ್ಲುತ್ತದೆ. ಇಲ್ಲಿ ಒಂದು ಸಂಗತಿ ಗಮನಾರ್ಹ. 1853ರಲ್ಲಿ ರಾಯಚೂರು ದೋಆಬನ್ನು ಬ್ರಿಟಿಷರು ನಿಜಾಮರಿಂದ ತಮ್ಮ ವಶಕ್ಕೆ ಪಡೆದಿದ್ದರು. ಅದು ಮರಳಿ ಹೈದರಾಬಾದಿಗೆ ಸೇರಿದ್ದು 1860ರಲ್ಲಿ, ಇದೇ ಅಫ್ಝಲುದ್ದೌಲಾರ ಆಳ್ವಿಕೆಯಲ್ಲಿ. ಹಾಗೆ ಮರಳಿದ್ದರಿಂದಲೇ ಕೃಷ್ಣಾ–ತುಂಗಭದ್ರೆಗಳ ನಡುವಣ ಜನರು ಈ ವಕ್ಫ್‌ನ ಹಕ್ಕುದಾರರಾದರು.

1948ರಲ್ಲಿ ನಿಜಾಮರ ಆಡಳಿತ ಕೊನೆಗೊಂಡಿತು. 1956ರಲ್ಲಿ ಹೈದರಾಬಾದ್ ರಾಜ್ಯವೇ ಹಂಚಿಹೋಯಿತು. ರಾಯಚೂರು, ಕಲಬುರಗಿ, ಬೀದರ್ ಕರ್ನಾಟಕಕ್ಕೆ ಬಂದವು. ಆದರೆ ವಕ್ಫ್ ಗಡಿಗಳೊಂದಿಗೆ ಬದಲಾಗಲಿಲ್ಲ. ಹಳೆಯ ಸಂಸ್ಥಾನದ ಪ್ರದೇಶದಿಂದ ಹಜ್ ಸಮಿತಿಯ ಮೂಲಕ ಹೊರಡುವವರಲ್ಲಿ ಚೀಟಿ ಎತ್ತಿ ಆಯ್ಕೆಯಾದವರಿಗೆ ರುಬಾತ್‌ನಲ್ಲಿ ಉಚಿತ ವಸತಿ ದೊರೆಯುವ ಪದ್ಧತಿ ಬೆಳೆದುಬಂದಿದೆ. ಹೈದರಾಬಾದಿನ ವ್ಯಾಪಾರಿಗೆ ಇರುವಷ್ಟೇ ಅರ್ಹತೆ ಗುಂಜಹಳ್ಳಿಯ ರೈತನಿಗೂ, ದೇವದುರ್ಗ, ಮಾನ್ವಿಯ ಕೂಲಿಕಾರನಿಗೂ ಇದೆ. ಜೀವಮಾನವಿಡೀ ಪೈಸೆಗೆ ಪೈಸೆ ಕೂಡಿಸಿದವನಿಗೆ ಬಾಡಿಗೆಯ ಹೊರೆ ಇಳಿಯುವುದೆಂದರೆ ಎಷ್ಟು ದೊಡ್ಡ ಆಸರೆಯೆಂದು ನಾವು ಊಹಿಸಬಹುದು.

ಹರಮ್ ಶರೀಫ್‌ನ ವಿಸ್ತರಣೆಯಲ್ಲಿ ಹಳೆಯ ರುಬಾತ್‌ಗಳು ಅನೇಕ ನೆಲಸಮವಾದವು. ತಲಶ್ಶೇರಿಯ ವರ್ತಕ ಮಾಯನ್‌ಕುಟ್ಟಿ ಕೇಯಿ 19ನೇ ಶತಮಾನದಲ್ಲಿ ಕಟ್ಟಿಸಿದ ರುಬಾತ್ ಕೂಡ ಹೀಗೆಯೇ 1971ರಲ್ಲಿ ಅಳಿಯಿತು. ಅದರ ಪರಿಹಾರಧನವು ಸೌದಿ ಖಜಾನೆಯಲ್ಲಿ ಉಳಿಯಿತು. ಅದು ಕುಟುಂಬದ್ದೋ, ವಕ್ಫಿನದ್ದೋ ಎಂಬ ವಿವಾದವು ದಶಕಗಳ ಕಾಲ ಎಳೆಯಿತು. ದಾನಿಯು ಕೊಟ್ಟು ಹೋಗುತ್ತಾನೆ. ಕಾಗದಪತ್ರ ಜೋಪಾನ ಮಾಡುವ, ಲೆಕ್ಕ ಒಪ್ಪಿಸುವ, ಜಗಳವಾಡದ ಕೈಗಳು ಇಲ್ಲದಿದ್ದರೆ ದಾನವು ದಾರಿಹೋಕನನ್ನು ತಲುಪುವುದಿಲ್ಲ.

ಇದು ಮಕ್ಕಾದ ಮಾತು ಮಾತ್ರವಲ್ಲ. ದೂರದ ಹಳ್ಳಿಗಳಿಂದ ರೋಗಿಯನ್ನು ಕರೆತಂದವರು ನಗರದ ಆಸ್ಪತ್ರೆಗಳ ಅಂಗಳದಲ್ಲಿ ಚಾದರ ಹಾಸಿ ಮಲಗುತ್ತಾರೆ. ಪರೀಕ್ಷೆ ಬರೆಯಲು ಬಂದ ಬಡ ವಿದ್ಯಾರ್ಥಿ ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆಯುತ್ತಾನೆ. ಇವರೂ ಇಬ್ನುಸ್ಸಬೀಲ್‌ಗಳೇ ಅಲ್ಲವೇ? ಮಸೀದಿಗೆ ಸೇರಿದ ಒಂದೆರಡು ಕೋಣೆಗಳನ್ನು ಶುಚಿಗೊಳಿಸಿ, ನೀರು-ದೀಪದ ವ್ಯವಸ್ಥೆ ಮಾಡಿ, ಜಾತಿ-ಮತ ಕೇಳದೆ ಬೀಗದ ಕೈ ಕೊಡಲು ನಿಜಾಮರ ಸಂಪತ್ತು ಬೇಕಿಲ್ಲ. ನೂರೈವತ್ತು ವರ್ಷಗಳ ಹಿಂದೆ ಯಾರೋ ಇಟ್ಟ ಕೊಡುಗೆಯನ್ನು ನಾವು ಮಕ್ಕಾದಲ್ಲಿ ಉಣ್ಣುತ್ತಿದ್ದೇವೆ. ನಮ್ಮ ಊರಿಗೆ ಬರುವ ಅಪರಿಚಿತನಿಗೆ ನಾವು ಏನನ್ನು ಇಟ್ಟಿದ್ದೇವೆ? ಆ ಲೆಕ್ಕ ಒಪ್ಪಿಸುವ ದಿನ ನಮ್ಮನ್ನು ಕೈಬಿಡದಿರಲೆಂದು ಅಲ್ಲಾಹನಲ್ಲಿ ಪ್ರಾರ್ಥಿಸೋಣ.