ಸಹಿ ಹಾಕೋ ಮುಂಚೆ ಒಂದು ಪದ: ‘ಸೆವೆರಲಿ’

ಹರಿಹರ ತಾಲ್ಲೂಕಿನ ನಮ್ಮ ಭಾನುವಳ್ಳಿಯಲ್ಲಿ ಸ್ನೇಹಿತರು, ನೆಂಟರು ಅಂತ ಸಾಲಕ್ಕೆ ಜಾಮೀನು ಹಾಕೋದು ಮಾಮೂಲು. ಆ ಪತ್ರಗಳಲ್ಲಿ ‘ಜಾಯಿಂಟ್ಲಿ ಅಂಡ್ ಸೆವೆರಲಿ’ ಅಂತ ಇರುತ್ತೆ. ಬಿ.ಕಾಂ ಓದುವಾಗ ನಾನು ‘ಸೆವೆರಲಿ’ ಅಂದ್ರೆ ‘ಹಲವರು ಸೇರಿ’ ಅಂದ್ಕೊಂಡಿದ್ದೆ. ಅರ್ಥ ಪೂರ್ತಿ ಉಲ್ಟಾ: ‘ಬಿಡಿಬಿಡಿಯಾಗಿ’, ‘ಪ್ರತ್ಯೇಕವಾಗಿ’.

ಲ್ಯಾಟಿನ್ ಮೂಲದ ಈ ಪದ ನಾರ್ಮನ್ನರ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ‘ಸೆಪರೇಟ್’ ಇದರ ದಾಯಾದಿ. ‘ಸೆವೆರಲ್’ಗೆ ‘ಹಲವು’ ಅನ್ನೋ ಅರ್ಥ ಬಂದದ್ದು ಆಮೇಲೆ. ಕಾನೂನು ಮಾತ್ರ ಹಳೇ ಅರ್ಥವನ್ನೇ ಇಟ್ಟುಕೊಂಡಿತು.

ನಮ್ಮಲ್ಲಿ 1872ರ ಕರಾರು ಕಾಯ್ದೆಯ 43ನೇ ಸೆಕ್ಷನ್ ಇದನ್ನೇ ಹೇಳುತ್ತೆ. ಮೂವರು ಸೇರಿ 3 ಲಕ್ಷ ಸಾಲ ತಗೊಂಡ್ರೆ, ಬೇರೆ ಕರಾರು ಇಲ್ಲದಿದ್ದರೆ, ಸಾಲ ಕೊಟ್ಟವರು ಒಬ್ಬರಿಂದಲೇ ಪೂರ್ತಿ 3 ಲಕ್ಷ ಕೇಳಬಹುದು. ಕಟ್ಟಿದವರು ಉಳಿದಿಬ್ಬರಿಂದ ಪಾಲು ವಸೂಲಿ ಮಾಡಬಹುದು, ಆದ್ರೆ ಆ ಓಡಾಟ ಅವರದೇ.

ಇದೇ ಹೊಣೆ ಊರನ್ನು ಎತ್ತಿದ್ದೂ ಉಂಟು. 1904ರ ಸಹಕಾರಿ ಕಾಯ್ದೆ ಹಳ್ಳಿ ಸಂಘಗಳ ಸದಸ್ಯರಿಗೆ ಸಾಮಾನ್ಯವಾಗಿ ಮಿತಿಯಿಲ್ಲದ ಹೊಣೆ ಹೊರಿಸಿತ್ತು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ಈ ಕಾಯ್ದೆಯಡಿ. ಅಡವಿಡೋಕೆ ಏನೂ ಇಲ್ಲದ ರೈತನಿಗೆ ನೆರೆಯವರ ಹೊಣೆಯೇ ಆಸ್ತಿ. ಆದ್ರೆ ಅಲ್ಲಿ ಒಬ್ಬರ ಸಾಲ ಇನ್ನೊಬ್ಬರ ಕಣ್ಣೆದುರೇ ಇರ್ತಿತ್ತು.

ಹಾಗಾಗಿ ಸಹಿ ಹಾಕುವಾಗ ‘ನನ್ನ ಪಾಲೆಷ್ಟು?’ ಅನ್ನೋ ಲೆಕ್ಕ ಬೇಡ. ‘ಪೂರ್ತಿ ಸಾಲ ನಾನೊಬ್ಬನೇ ತೀರಿಸಬಲ್ಲೆನಾ?’ ಅಂತ ಕೇಳ್ಕೊಳ್ಳಿ. ಮುಂದಿನ ವಾರ ಸಿಗೋಣ.