ಪೆನ್ಸಿಲ್‌ನಲ್ಲಿ ಸೀಸ ಇದೆಯೇ? ‘ಪ್ಲಂಬಾಗೋ’ ಎಂಬ ಹೆಸರು ತಂದ ಗೊಂದಲ

ಮಕ್ಕಳಿಗೆ ಪೆನ್ಸಿಲ್ ಮೊನೆ ಚುಚ್ಚಿದರೆ ಮೈಗೆ ಸೀಸದ ವಿಷ ಏರುತ್ತದೆ ಎಂದು ಹಲವರು ಹೆದರುತ್ತಾರೆ. ಪೆನ್ಸಿಲ್‌ಗೆ ‘ಸೀಸದ ಕಡ್ಡಿ’ ಎಂಬ ಹೆಸರೂ ಇರುವುದರಿಂದ ಈ ಭಯ ಸಹಜ. ಆದರೆ ಇದು ನಿಜವಲ್ಲ.

ಪೆನ್ಸಿಲ್ ಒಳಗೆ ಇರುವುದೇನು?

ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಗ್ರಾಫೈಟ್ ಎಂದರೆ ಇಂಗಾಲದ ಒಂದು ರೂಪ. ಕಪ್ಪಗೆ, ಮೆತ್ತಗೆ ಇರುವ ಈ ಖನಿಜವನ್ನು ಹಿಂದೆ ಸೀಸದ ಬಗೆಯೆಂದೇ ತಿಳಿದು ‘ಪ್ಲಂಬಾಗೋ’ ಎನ್ನುತ್ತಿದ್ದರು. ಲ್ಯಾಟಿನ್‌ನಲ್ಲಿ ‘ಪ್ಲಂಬಮ್’ ಎಂದರೆ ಸೀಸ. ಇದು ಇಂಗಾಲ ಎಂದು ರಸಾಯನ ವಿಜ್ಞಾನಿ ಶೀಲೆ 1779ರಲ್ಲಿ ತೋರಿಸಿದರು. 1789ರಲ್ಲಿ ವರ್ನರ್ ‘ಗ್ರಾಫೈಟ್’ ಎಂದು ಹೆಸರಿಟ್ಟರು. ತಪ್ಪು ತಿಳಿವಳಿಕೆ ಹೋಯಿತು, ಸೀಸ ಎಂಬ ಹೆಸರು ಮಾತ್ರ ಉಳಿಯಿತು.

ಪೆನ್ಸಿಲ್ ಚುಚ್ಚಿದರೆ ಏನು ಮಾಡಬೇಕು?

ಗಾಯವನ್ನು ಸೋಪು, ನೀರಿನಿಂದ ತೊಳೆಯಿರಿ. ಚರ್ಮದಲ್ಲಿ ಕಪ್ಪು ಕಲೆ ಉಳಿಯಬಹುದು, ಅದು ವಿಷವಲ್ಲ. ಮೊನೆ ಒಳಗೇ ಮುರಿದಿದ್ದರೆ ಅಥವಾ ಗಾಯ ಊದಿಕೊಂಡರೆ ವೈದ್ಯರಿಗೆ ತೋರಿಸಿ. ಕಣ್ಣಿಗೆ ಚುಚ್ಚಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಹಾಗಾದರೆ ಪ್ಲಂಬಾಗೋ ಗಿಡ?

ಅದು ಬೇರೆಯೇ. ತೋಟಗಳಲ್ಲಿ ತಿಳಿನೀಲಿ ಹೂ ಬಿಡುವ ಗಿಡ ಇದೇ ಕುಲದ್ದು. ನಮ್ಮ ಬಿಳಿ ಹೂವಿನ ಚಿತ್ರಮೂಲದ ವೈಜ್ಞಾನಿಕ ಹೆಸರು ಪ್ಲಂಬಾಗೋ ಝೆಲಾನಿಕಾ, ಅಂದರೆ ಸಿಲೋನಿನ ಪ್ಲಂಬಾಗೋ. ಅದೇ ಸಿಲೋನಿನಿಂದ ರಫ್ತಾಗುತ್ತಿದ್ದ ಗ್ರಾಫೈಟನ್ನೂ ‘ಪ್ಲಂಬಾಗೋ’ ಎಂದೇ ಕರೆಯುತ್ತಿದ್ದರು! ಹಾಗಾಗಿ ಇಂಟರ್ನೆಟ್‌ನಲ್ಲಿ ಹುಡುಕುವಾಗ ಒಂದರ ಮಾಹಿತಿಯನ್ನು ಇನ್ನೊಂದರದ್ದೆಂದು ತಿಳಿಯಬೇಡಿ.

ಗಿಡ ಅಪಾಯಕಾರಿಯೇ?

ಗಿಡದಲ್ಲೂ ಸೀಸವಿಲ್ಲ. ಆದರೆ ಚಿತ್ರಮೂಲದ ಬೇರಿನಲ್ಲಿ ಪ್ಲಂಬಾಜಿನ್ ಎಂಬ ತೀಕ್ಷ್ಣ ರಾಸಾಯನಿಕವಿದೆ. ಹಸಿ ಬೇರನ್ನು ಅರೆದು ಹಚ್ಚಿದರೆ ಚರ್ಮ ಸುಟ್ಟಂತಾಗಿ ಬೊಬ್ಬೆ ಏಳಬಹುದು. ಗರ್ಭಿಣಿಯರು ಸೇವಿಸಿದರೆ ಗರ್ಭಪಾತದ ಅಪಾಯವಿದೆ. ಆಯುರ್ವೇದದಲ್ಲೂ ಇದನ್ನು ಸುಣ್ಣದ ತಿಳಿನೀರಿನಲ್ಲಿ ನೆನೆಸಿ ಶುದ್ಧಿ ಮಾಡಿದ ನಂತರವೇ ಔಷಧಿಗೆ ಬಳಸುವ ಕ್ರಮವಿದೆ. ಆದ್ದರಿಂದ ಬಿಳಿ ಮಚ್ಚೆಗೆ, ಅಜೀರ್ಣಕ್ಕೆ ‘ಮನೆಮದ್ದು’ ಎಂದು ಮೆಸೇಜ್ ಬಂದರೆ ಪ್ರಯೋಗ ಮಾಡಬೇಡಿ.

ಒಟ್ಟಿನಲ್ಲಿ: ಪೆನ್ಸಿಲ್‌ನಿಂದ ಸೀಸದ ವಿಷ ಏರುತ್ತದೆ ಎಂಬುದು ಸುಳ್ಳು. ಎಚ್ಚರ ಬೇಕಿರುವುದು ಚಿತ್ರಮೂಲದ ಹಸಿ ಬೇರಿನ ವಿಷಯದಲ್ಲಿ. ಫಾರ್ವರ್ಡ್ ಮಾಡುವ ಮುನ್ನ ಮೆಸೇಜ್ ಯಾವ ಪ್ಲಂಬಾಗೋ ಬಗ್ಗೆ ಹೇಳುತ್ತಿದೆ ಎಂದು ನೋಡಿಕೊಳ್ಳಿ.